ಮನೆ ಬಿಚ್ಚಲು ಹೋದ ಮಾವ

ನಮ್ಮ ಸೋದರಮಾವನ ಕಸುಬು ಹಳೇ ಮನೆಗಳನ್ನು ಕೆಡವುವುದು. ತಾತನ ಕಾಲದ ಮನೆ ಬೀಳಿಸಿ ಹೊಸದು ಕಟ್ಟಿಸಬೇಕೆಂದವರು ಅವನಿಗೆ ಹೇಳಿಕಳಿಸುತ್ತಿದ್ದರು. ಮಾವ ತನ್ನ ಕೆಮ್ಮುವ ಲಾರಿಯಲ್ಲಿ ಹಾರೆ, ಹಗ್ಗ, ಏಣಿ ಹೇರಿಕೊಂಡು, ಇಬ್ಬರು ಆಳುಗಳೊಂದಿಗೆ ಹೋಗುತ್ತಿದ್ದ. ಹೆಂಚಿನಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲವನ್ನೂ ಬಿಚ್ಚಿ, ಬೇಕಾದವರಿಗೆ ಮಾರಿ, ಜಾಗವನ್ನು ಅಂಗೈಯಂತೆ ಬೋಳು ಮಾಡಿ ಬರುತ್ತಿದ್ದ. ಜನ ಅವನನ್ನು ಕೆಡವಣ್ಣ ಎಂದು ಕರೆಯುತ್ತಿದ್ದರು. ಅವನಿಗೆ ಆ ಹೆಸರು ಹಿಡಿಸುತ್ತಿರಲಿಲ್ಲ.

"ಕೆಡವೋದಲ್ಲ, ಬಿಚ್ಚೋದು" ಎಂದು ತಿದ್ದುತ್ತಿದ್ದ.

ಯಾರಾದರೂ 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂದು ಚುಚ್ಚಿದರೆ ಅದಕ್ಕೂ ಉತ್ತರ ಸಿದ್ಧವಿರುತ್ತಿತ್ತು. "ಆ ಗಾದೆ ಕಟ್ಟಿದವನು ಯಾವತ್ತೂ ಮನೆ ಬಿಚ್ಚಿಲ್ಲ ಬಿಡಿ. ಒಂದು ಹೆಂಚು ಒಡೆದ್ರೂ ಅದು ನನ್ನ ಹೊಟ್ಟೆ ಮೇಲೇ ಬೀಳೋದು."

ಅವನ ಲೆಕ್ಕದಲ್ಲಿ ಮನೆ ಬಿಚ್ಚುವುದಕ್ಕೆ ಇದ್ದ ನಿಯಮ ಒಂದೇ. ಕಟ್ಟಿದವರು ಕೊನೆಗೆ ಇಟ್ಟದ್ದನ್ನು ನೀನು ಮೊದಲು ತೆಗೆ. ಹಾಗೆ ತೆಗೆಯುತ್ತ ಹೋದರೆ ಮನೆ ತನ್ನ ಕಥೆಯನ್ನು ಹಿಂದುಮುಂದಾಗಿ ಹೇಳುತ್ತದೆ ಎನ್ನುತ್ತಿದ್ದ. ರಜೆಯಲ್ಲಿ ನಮ್ಮ ಮನೆಗೆ ಬಂದರೆ, ಯಾರದೋ ಅಡುಗೆಮನೆ ಮೊದಲು ಸ್ನಾನದ ಮನೆಯಾಗಿತ್ತು, ಯಾರದೋ ಅತ್ತೆ ಸೊಸೆಯ ಮೇಲೆ ಕಣ್ಣಿಡಲು ಗೋಡೆಯಲ್ಲಿ ಕಿಂಡಿ ಕೊರೆಸಿದ್ದರು ಎಂದೆಲ್ಲ ಹೇಳಿ ಅಮ್ಮನನ್ನು ನಗಿಸುತ್ತಿದ್ದ. ಅಮ್ಮ ಅವನ ಅಕ್ಕ. ನಗು ನಿಂತ ಮೇಲೆ ಆಕೆ ತಪ್ಪದೆ ಕೇಳುತ್ತಿದ್ದದ್ದು ಮದುವೆಯ ಮಾತು. ಐವತ್ತು ಹತ್ತಿರವಾದರೂ ಮಾವ ಒಂಟಿ.

ಅಂಥ ಮಾವನಿಗೆ ಪೇಟೆ ಮುಗಿದು ಹೊಲ ಶುರುವಾಗುವ ಕಡೆಯ ಒಂದು ದೊಡ್ಡ ತೋಟದ ಮನೆ ಬಿಚ್ಚುವ ಕೆಲಸ ಬಂತು.

ಮನೆ ದೂರದಿಂದ ನೋಡಿದರೆ ಮಲಗಿದ ಎತ್ತಿನ ಹಾಗೆ ಉದ್ದಕ್ಕೆ ಚಾಚಿಕೊಂಡಿತ್ತು. ಒಂದು ತುದಿಯಲ್ಲಿ ದಪ್ಪ ಕಲ್ಲುಗೋಡೆಯ ಕಣಜ, ಇನ್ನೊಂದು ತುದಿಯಲ್ಲಿ ಕೊಟ್ಟಿಗೆ, ನಡುವೆ ವಾಸದ ಕೋಣೆಗಳು. ಗೋಡೆ ಗೋಡೆ ಸೇರುವ ಕಡೆ ಬೆರಳಾಡಿಸಿ ನೋಡಿದ ಮಾವನಿಗೆ ತಿಳಿಯಿತು: ಮೊದಲು ಕಟ್ಟಿದ್ದು ಕಾಳಿಗೆ ಮನೆ, ಆಮೇಲೆ ದನಕ್ಕೆ, ಉಳಿದ ಜಾಗದಲ್ಲಿ ಮನುಷ್ಯರಿಗೆ. "ಬುದ್ಧಿವಂತರು" ಎಂದು ಅವನು ತಲೆದೂಗಿದ.

ಒಳಗೆ ಹೋದಾಗ ಆ ಮೆಚ್ಚುಗೆ ಸ್ವಲ್ಪ ಇಳಿಯಿತು. ಪಡಸಾಲೆಯ ನಟ್ಟನಡುವೆ, ಮುಂಬಾಗಿಲ ಪಕ್ಕದಿಂದ ಹಿಂದಿನ ಅಡುಗೆಮನೆಯವರೆಗೆ, ಒಂದು ಗೋಡೆ ಸೀಳಿಕೊಂಡು ಹೋಗಿತ್ತು. ಎರಡು ತಲೆಮಾರಿನ ಹಿಂದೆ ಈ ಮನೆಯ ಅಣ್ಣತಮ್ಮಂದಿರು ಜಗಳವಾಡಿ ಎಬ್ಬಿಸಿದ ಗೋಡೆ ಅದು. ಜಗಳ ಏತಕ್ಕೆ ಎಂದರೆ ಒಂದು ಕಡೆಯವರು ಬಾವಿ ನೀರಿನ ಸರದಿಗೆ ಅನ್ನುತ್ತಿದ್ದರು, ಇನ್ನೊಂದು ಕಡೆಯವರು ಹೇಳದೆ ಕೇಳದೆ ಮಾರಿದ ಜೋಡಿ ಎತ್ತಿಗೆ ಅನ್ನುತ್ತಿದ್ದರು. ಮುಂದಿನ ಗೋಡೆಯಲ್ಲಿದ್ದ ದೊಡ್ಡ ಕಿಟಕಿ ಸರಿಯಾಗಿ ನಡುವೆ ಬಂದಿತ್ತು. ಇಬ್ಬರೂ ಬಿಟ್ಟುಕೊಡಲಿಲ್ಲ. ಗೋಡೆ ಕಿಟಕಿಯ ಮೂತಿಗೇ ಬಂದು ನಿಂತಿತು. ಅವನಿಗೊಂದು ರೆಕ್ಕೆ, ಇವನಿಗೊಂದು ರೆಕ್ಕೆ. ಒಬ್ಬರು ತೆರೆದರೆ ಇನ್ನೊಬ್ಬರು ಮುಚ್ಚುತ್ತಿದ್ದರಿಂದ ಹೊರಗಿನಿಂದ ನೋಡಿದವರಿಗೆ ಮನೆ ಸದಾ ಒಂದು ಕಣ್ಣು ಮಿಟುಕಿಸುತ್ತಿರುವ ಹಾಗೆ ಕಾಣುತ್ತಿತ್ತು.

ಈಗ ಆ ಅಣ್ಣತಮ್ಮಂದಿರ ಮೊಮ್ಮಕ್ಕಳು ವಾರಸುದಾರರು. ಅಣ್ಣನ ಕಡೆಯ ಮೊಮ್ಮಗ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಎಲ್ಲರ ಬಾಯಲ್ಲೂ ಮೊಳೆಯಣ್ಣ. ತಮ್ಮ ಅರ್ಧ ಮನೆಯಲ್ಲಿ ಅವರು ಪೈಪು, ತಂತಿ ತುಂಬಿ ಬೀಗ ಹಾಕಿದ್ದರು. ತಮ್ಮನ ಕಡೆಯ ಮೊಮ್ಮಗಳು ಇನ್ನರ್ಧದಲ್ಲಿ ಒಬ್ಬರೇ ವಾಸವಿದ್ದು, ಅಂಗಳದಲ್ಲಿ ಸಸಿ ಬೆಳೆಸಿ ಮಾರುತ್ತಿದ್ದರು. ಅವರು ಸಸಿಯಕ್ಕ. ಸಂಬಂಧದಲ್ಲಿ ಅಣ್ಣ ತಂಗಿ, ನಡೆಯಲ್ಲಿ ಎಣ್ಣೆ ಸೀಗೆಕಾಯಿ. ಆ ಕಡೆ ಸೋರಿದ ನೀರು ಈ ಕಡೆಗೆ ಹರಿಯುತ್ತಿತ್ತು, ಈ ಕಡೆಯ ಗೆದ್ದಲು ಆ ಕಡೆಗೆ ಹೋಗುತ್ತಿತ್ತು. ಸೂರು ಒಂದೇ ಆದ್ದರಿಂದ ಅರ್ಧ ಕೆಡವುವ ಹಾಗೂ ಇರಲಿಲ್ಲ. ಕಡೆಗೆ ಇಬ್ಬರೂ ಜೀವಮಾನದಲ್ಲಿ ಒಂದೇ ವಿಷಯಕ್ಕೆ ಒಪ್ಪಿದ್ದರು. ಮನೆ ಬಿಚ್ಚಿಸಿ, ಜಾಗ ಭಾಗ ಮಾಡಿ, ಅವರು ಗೋದಾಮು ಕಟ್ಟುವುದು, ಇವರು ಎರಡು ಕೋಣೆಯ ಮನೆ ಕಟ್ಟಿಕೊಳ್ಳುವುದು.

ಮೊದಲ ದಿನ ಮೂವರೂ ಅಂಗಳದಲ್ಲೇ ನಿಂತಿದ್ದರು.

"ಮುಂಬಾಗಿಲು ಯಾರ ಪಾಲಿಗೆ ಅಂತ ಅವರನ್ನ ಕೇಳಿ" ಎಂದರು ಮೊಳೆಯಣ್ಣ, ಮಾರುದೂರದಲ್ಲಿದ್ದ ತಂಗಿಯತ್ತ ನೋಡದೆ.

"ಮಾರಿ ಸಮಪಾಲು ಮಾಡೋಣ ಅಂತ ಅವರಿಗೆ ಹೇಳಿ" ಎಂದರು ಸಸಿಯಕ್ಕ, ಮಾವನ ಮುಖ ನೋಡುತ್ತ.

"ಇಬ್ಬರಿಗೂ ಕೇಳಿಸಿತು ಅಂದ್ಕೊಳ್ತೀನಿ" ಎಂದ ಮಾವ. ಇಬ್ಬರೂ ನಗಲಿಲ್ಲ.

ಕೆಲಸ ಶುರುವಾಯಿತು. ಸಸಿಯಕ್ಕ ತಮ್ಮ ಟ್ರಂಕು, ಒಲೆ, ಹಾಸಿಗೆ ಎತ್ತಿಕೊಂಡು ಸಸಿಗಳ ಚಪ್ಪರಕ್ಕೆ ಹೋದರು. ಮಾವ ಬಾಗಿಲು, ಕಿಟಕಿ, ಅಟ್ಟದ ಮರದ ಮೆಟ್ಟಿಲು ಮೊದಲು ತೆಗೆದ. ಹಳೇ ಮರಕ್ಕೆ ಗಿರಾಕಿಗಳು ಬಾಯಿಬಿಟ್ಟುಕೊಂಡು ಕಾಯುತ್ತಿದ್ದ ಕಾಲ ಅದು. ಎರಡು ಹಲಗೆಯ ಮುಂಬಾಗಿಲನ್ನು ಪೇಟೆಯ ಹಲ್ಲಿನ ಡಾಕ್ಟರೊಬ್ಬರು ಕೊಂಡರು. ಮೆಟ್ಟಿಲು ಒಂದು ಲಾಡ್ಜಿಗೆ ಹೋಯಿತು. ಆಮೇಲೆ ಆಳುಗಳು ಸೂರಿಗೆ ಹತ್ತಿ ಹೆಂಚು ಇಳಿಸಿ, ಅಂಗಳದಲ್ಲಿ ಸಾಲಾಗಿ ಜೋಡಿಸಿದರು. ಮನೆಯೊಳಗೆ ಆಕಾಶ ಕಾಣತೊಡಗಿತು.

ಗೋಡೆಯ ಸರದಿ ಬಂದಾಗ ಮಾವ ಹಿಂದಿನ ಅಡುಗೆಮನೆಯಿಂದ ಶುರುಮಾಡಿದ. ಗೋಡೆಯ ಎರಡು ಪಕ್ಕಕ್ಕೂ ಒಂದೊಂದು ಅಡುಗೆಮನೆ, ಎರಡು ಒಲೆಗಳು ಬೆನ್ನಿಗೆ ಬೆನ್ನು ಹಾಕಿ ಕುಳಿತಿದ್ದವು. ಮೊಳೆಯಣ್ಣನ ಕಡೆ ಒಲೆಯ ಪಕ್ಕ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಗಾರೆ ಬೇರೆ ಬಣ್ಣದ್ದಾಗಿತ್ತು. ಮಾವ ಹಾರೆಯ ತುದಿಯಿಂದ ಮೀಟಿದ. ಗಾರೆ ಉದುರಿತು. ಹಿಂದಿದ್ದ ಚಪ್ಪಡಿ ಕಲ್ಲು ಜಾರಿ ಬಿತ್ತು. ಆಚೆ ಸಸಿಯಕ್ಕನ ಅಡುಗೆಮನೆ ಕಾಣಿಸಿತು.

ಅದು ಬಿರುಕಲ್ಲ, ಇಲಿಯ ಬಿಲವೂ ಅಲ್ಲ. ಗೋಡೆ ಎಬ್ಬಿಸುವಾಗಲೇ ಬಿಟ್ಟ ಕಿಂಡಿ. ಸುತ್ತ ಮಣ್ಣಿನ ಇಟ್ಟಿಗೆಗಳನ್ನು ಅಂದವಾಗಿ ಜೋಡಿಸಿದ್ದರು. ಕೆಳಗಿನ ಅಂಚಿಗೆ ಒಂದು ಮರದ ತುಂಡು ಕೂರಿಸಿದ್ದರು. ಆ ಮರ ಕೈ ತಾಗಿ ತಾಗಿ ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು. ಮಾವ ಅದರ ಮೇಲೆ ಅಂಗೈ ಆಡಿಸಿ ನೋಡಿದ. ಅಷ್ಟು ಮನೆ ಬಿಚ್ಚಿದ್ದ ಅವನು ಎಷ್ಟೋ ಸಂದಿಗೊಂದಿ ನೋಡಿದ್ದ, ಇಂಥದ್ದನ್ನು ನೋಡಿರಲಿಲ್ಲ. ಹಾರೆ ಕೆಳಗಿಟ್ಟು ಸಸಿಯಕ್ಕನನ್ನು ಕರೆದ. ಮೊಳೆಯಣ್ಣನಿಗೆ ಆಳಿನ ಕೈಲಿ ಹೇಳಿಕಳಿಸಿದ.

ಮೊಳೆಯಣ್ಣ ಅಂಗಡಿಯ ಕೆಲಸ ಬಿಟ್ಟು ಬರಬೇಕಾಯಿತೆಂದು ಗೊಣಗುತ್ತಲೇ ಬಂದರು. ಕಿಂಡಿ ಕಂಡದ್ದೇ ಗೊಣಗಾಟ ನಿಂತಿತು. ಮಂಡಿನೋವಿದ್ದ ಮನುಷ್ಯ ಗೋಡೆ ಹಿಡಿದು ಕಷ್ಟಪಟ್ಟು ಕೆಳಗೆ ಕೂತರು. ಆ ಕಡೆಯಿಂದ ಸಸಿಯಕ್ಕ ಬಗ್ಗಿ ನೋಡಿದರು.

"ನನ್ನ ತಲೆ ಇದರಲ್ಲಿ ಸಿಕ್ಕಿಹಾಕ್ಕೊಂಡಿತ್ತು" ಎಂದರು ಮೊಳೆಯಣ್ಣ.

ಯಾರಿಗೆ ಹೇಳಿದರು ಎಂದು ಮಾವನಿಗೆ ತಿಳಿಯಲಿಲ್ಲ. ಈ ಸಲ "ಅವರಿಗೆ ಹೇಳಿ" ಇರಲಿಲ್ಲ.

"ನಾನಾಗ ನಾಲ್ಕೈದು ವರ್ಷದವನು. ತಾತಂದಿರು ಹೊಲಕ್ಕೆ ಹೋದ ಮೇಲೆ ಅಜ್ಜಿಯರಿಬ್ಬರೂ ಚಪ್ಪಡಿ ಸರಿಸೋರು. ಇಲ್ಲಿಂದ ಕೆಂಡ ಹೋಗೋದು, ಅಲ್ಲಿಂದ ಉಪ್ಪು ಬರೋದು. ಮಾತಂತೂ ಲೆಕ್ಕವೇ ಇಲ್ಲ. ಒಂದಿನ ನಾನೂ ಆ ಕಡೆ ಹೋಗ್ತೀನಿ ಅಂತ ತೂರಿದೆ. ತಲೆ ಹೋಯ್ತು, ಕಿವಿ ಹೋಗಲಿಲ್ಲ. ಅಷ್ಟರಲ್ಲಿ ತಾತ ಅಂಗಳಕ್ಕೆ ಬಂದುಬಿಟ್ರು. ನಾನು ಅಳೋ ಹಾಗಿಲ್ಲ, ಅಜ್ಜಿಯರು ಕೂಗೋ ಹಾಗಿಲ್ಲ."

"ಆಮೇಲೆ?" ಸಸಿಯಕ್ಕ ಕೇಳಿದರು.

"ನಿಮ್ಮಜ್ಜಿ ಕಿವಿಗೆ ಬೆಣ್ಣೆ ಸವರಿ ಎಳೆದ್ರು."

"ಯಾವ ಕಡೆಗೆ?"

"ನಿಮ್ಮ ಕಡೆಗೇ. ಆವತ್ತೆಲ್ಲ ಅಲ್ಲೇ ಇದ್ದೆ. ಸಂಜೆ ಹಿತ್ತಿಲಿಂದ ಸುತ್ತಿಸಿ ಕಳಿಸಿದ್ರು."

ಸಸಿಯಕ್ಕನ ತುಟಿ ಅಲುಗಿತು. "ಹಾಗಾದ್ರೆ ನೀವು ನಮ್ಮ ಕಡೆಯವರೇ ಅಣ್ಣ, ಇಷ್ಟು ದಿನ ಗೊತ್ತಾಗಲಿಲ್ಲ" ಎಂದರು. ಮೊಳೆಯಣ್ಣ ನಗಲು ಹೋಗಿ, ಆಗದೆ, ಕರವಸ್ತ್ರಕ್ಕಾಗಿ ಜೇಬು ತಡಕಿದರು. ಅಜ್ಜಿ ಹೋದ ಮೇಲೆ ಇಲಿ ಬರುತ್ತದೆಂದು ಆ ಕಿಂಡಿಗೆ ಗಾರೆ ಬಳಿಸಿದ್ದು ತಮ್ಮ ಅಪ್ಪನೇ ಇರಬೇಕು ಎಂದರು. ಅಪ್ಪನಿಗೆ ಅದು ಏನೆಂದು ಗೊತ್ತಿತ್ತೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ.

ಹೊರಡುವಾಗ ಮೊಳೆಯಣ್ಣ, "ನಾಳೆ ಗೋಡೆ ಮುಟ್ಟಬೇಡಿ" ಎಂದರು. ಮರುದಿನ ಬಂದು, "ನಾಳೆಯೂ ಬೇಡ" ಎಂದರು. ಅದರ ಮರುದಿನ ಅಣ್ಣ ತಂಗಿ ಇಬ್ಬರೂ ಸಸಿಗಳ ಚಪ್ಪರದಡಿ ಮೋಡ ಕವಿದ ಆಕಾಶ ನೋಡುತ್ತ ಬಹಳ ಹೊತ್ತು ಮಾತಾಡಿದರು. ಕೊನೆಗೆ ಸಸಿಯಕ್ಕ ಮಾವನ ಹತ್ತಿರ ಬಂದು, "ಬಿಚ್ಚಿದ್ದನ್ನ ವಾಪಸ್ ಹಾಕಿಬಿಡಿ" ಎಂದರು.

ಮಾವ ಕೇಳಿಸಿದ್ದು ಸರಿಯೇ ಎಂದು ಆಳುಗಳ ಮುಖ ನೋಡಿದ. "ಏನಕ್ಕ ಇದು, ಅಂಗೀನಾ, ಗುಂಡಿ ಬಿಚ್ಚಿ ಮತ್ತೆ ಹಾಕೋಕೆ? ಮನೆ."

"ಬಿಚ್ಚಿದೋರಿಗೆ ಹಾಕೋಕೆ ಬರಲ್ವಾ?"

ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆ ಸಂಜೆ ನಮ್ಮ ಮನೆಗೆ ಬಂದವನು ಎಂದಿನಂತೆ ಕಥೆ ಹೇಳಲಿಲ್ಲ. ಅಮ್ಮ ಏನಾಯಿತೆಂದು ಕೇಳಿದಾಗ ಹೇಳಿದ: "ಇಷ್ಟು ವರ್ಷ ಜನ ನನ್ನ ಕೈಲಿ ಮನೆ ತೆಗೆಸಿದ್ದಾರೆ ಕಣಕ್ಕ. ಇಟ್ಟುಕೊಡು ಅಂದೋರು ಇವರೇ ಮೊದಲು. ಆಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಆಗಲ್ಲ ಅಂತ ಬಾಯಿಗೆ ಬರಲಿಲ್ಲ."

"ಒಪ್ಕೊಂಡು ಬಂದಿದ್ದೀಯ ಅನ್ನು" ಎಂದರು ಅಮ್ಮ.

"ಒಪ್ಕೊಂಡು ಬಂದಿದ್ದೀನಿ."

ಬಿಚ್ಚುವುದಕ್ಕಿಂತ ಕಟ್ಟುವುದು ಹೇಗೆ ಬೇರೆ ಎಂಬುದು ಅವನಿಗೆ ಮೊದಲ ವಾರವೇ ಅರ್ಥವಾಯಿತು. ಗೋಡೆಗಳಿಗೆ ಗಾರೆ ಕಲಸಿ ತಾನೇ ಬಳಿದ. ಒಣಗಿದ ಮೇಲೆ ಅದು ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸಿಪ್ಪೆ ಎದ್ದಿತು. ಸುಣ್ಣವನ್ನು ನೀರಿನಲ್ಲಿ ಎಷ್ಟೋ ದಿನ ನೆನೆಹಾಕಬೇಕು, ಅವಸರದವನ ಕೈಗೆ ಸುಣ್ಣ ಒಗ್ಗುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ; ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. ಸಿಪ್ಪೆಯನ್ನೆಲ್ಲ ಕೆರೆದು, ಗುಂಡಿ ತೋಡಿ ಸುಣ್ಣ ನೆನೆಹಾಕಿ, ಕಾಯಲು ಕುಳಿತ. ಕಾಯುವುದು ಅವನಿಗೆ ಹೊಸದು. ದಿನಕ್ಕೆ ಹತ್ತು ಸಲ ಹೋಗಿ ಗುಂಡಿ ಇಣುಕುತ್ತಿದ್ದ.

"ಬೀಜ ಹಾಕಿ ಮಾರನೇ ದಿನ ಕೆದಕಿ ನೋಡೋ ಗಿರಾಕಿಗಳು ನನಗೂ ಇದ್ದಾರೆ" ಎಂದರು ಸಸಿಯಕ್ಕ. ಮಾವ ಅಲ್ಲಿಂದ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಇಣುಕಿದ.

ಕಾಯುವ ಈ ದಿನಗಳಲ್ಲಿ ಅವನು ಮಾರಿದ್ದನ್ನು ಮರಳಿ ತರಲು ಹೊರಟ. ಮೊದಲು ಹೋದದ್ದು ಹಲ್ಲಿನ ಡಾಕ್ಟರ ಬಳಿಗೆ. ಅವರು ಬಾಗಿಲಿಗೆ ಕಾಲು ಹಚ್ಚಿ, ಮೇಲೆ ಗಾಜು ಹಾಸಿ, ರೋಗಿಗಳು ಕಾಯುವ ಕೋಣೆಯಲ್ಲಿ ಮೇಜು ಮಾಡಿಸಿದ್ದರು. ಅದರ ಮೇಲೆ ಹಳೇ ಪತ್ರಿಕೆಗಳು. ಮಾವ ವಿಷಯ ವಿವರಿಸಿದ. ಡಾಕ್ಟರು ಗಮನಕೊಟ್ಟು ಕೇಳಿದರು, ಆದರೆ ಅವರ ಕಣ್ಣು ಮಾವನ ಬಾಯಿಯ ಮೇಲೇ ಇತ್ತು.

"ಆ ಕೆಳಗಿನ ದವಡೆ ಹಲ್ಲು ಎಷ್ಟು ದಿನದಿಂದ ಹಾಗಿದೆ?"

"ಅದು ಬಿಡಿ ಸಾರ್, ಬಾಗಿಲ ವಿಷ್ಯ..."

"ಬಾಗಿಲು ಕೊಡ್ತೀನಿ. ಇಷ್ಟೇ ದೊಡ್ಡ ಇನ್ನೊಂದು ಹಲಗೆ ನೀವು ತಂದುಕೊಡಿ. ಆದ್ರೆ ಆ ಹಲ್ಲು ಬಾಯಲ್ಲಿಟ್ಕೊಂಡು ನನ್ನ ಕ್ಲಿನಿಕ್‌ನಿಂದ ಹೊರಗೆ ಹೋಗೋಕೆ ಬಿಡಲ್ಲ. ನೋಡೋಕಾಗ್ತಿಲ್ಲ ನಂಗೆ."

ಮಾಡಿನ ತುದಿಯಲ್ಲಿ ಬರಿಗಾಲಲ್ಲಿ ನಡೆಯುವ ಮಾವ ಹಲ್ಲು ಕೀಳುವ ಕುರ್ಚಿ ಕಂಡರೆ ನಡುಗುವವನು. ಆದರೂ ಕೂತ. ಕೆನ್ನೆ ಊದಿಸಿಕೊಂಡು, ಬಾಯಿಗೆ ಹತ್ತಿ ತುರುಕಿಕೊಂಡು, ಲಾರಿಯಲ್ಲಿ ಬಾಗಿಲು ಹೇರಿಕೊಂಡು ಬಂದ. ಯಾರೇನು ಕೇಳಿದರೂ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಸಸಿಯಕ್ಕ ಗಂಜಿ ಕಾಯಿಸಿಕೊಟ್ಟರು. ಮೊಳೆಯಣ್ಣ ಬಾಗಿಲಿಗೆಂದು ಅಂಗಡಿಯಿಂದ ಹೊಸ ತಿರುಪು ಮೊಳೆಗಳನ್ನು ತಂದು, ಹಳೇ ಕೀಲುಗಳಿಗೆ ಅವು ಹೊಂದುವುದಿಲ್ಲವೆಂದು ತಿಳಿದು, ಮುಖ ಸಣ್ಣ ಮಾಡಿಕೊಂಡು ಮರಳಿ ಒಯ್ದರು.

ಮೆಟ್ಟಿಲು ಮಾತ್ರ ಬರಲಿಲ್ಲ. ಲಾಡ್ಜಿನವರು ಅದನ್ನು ಆಗಲೇ ಕೊಯ್ದು ಸಾಮಾನಿಡುವ ಗೂಡುಗಳನ್ನು ಮಾಡಿಸಿದ್ದರು. ಮಾವ ಬಡಗಿಯಿಂದ ಹೊಸ ಮೆಟ್ಟಿಲು ಮಾಡಿಸಿದ. ಹಳೇ ಮರದ ಬಣ್ಣ ಬಳಿಯಲೇ ಎಂದು ಬಡಗಿ ಕೇಳಿದ.

"ಬೇಡ. ಹೊಸದು ಹೊಸದಾಗೇ ಕಾಣಲಿ. ನೋಡಿದೋರಿಗೆ ಸುಳ್ಳು ಹೇಳೋ ಮೆಟ್ಟಿಲು ಯಾಕೆ?" ಎಂದ ಮಾವ. ಈ ಮಾತನ್ನು ಅವನು ಎಲ್ಲಿ ಕಲಿತನೋ ಯಾರಿಗೂ ಗೊತ್ತಿಲ್ಲ. ಯಾರಾದರೂ ಕೇಳಿದರೆ, ಬಿಚ್ಚುವವನಿಗೆ ಮುಂದೆ ಗೊಂದಲವಾಗಬಾರದಲ್ಲ, ಅದಕ್ಕೆ ಎನ್ನುತ್ತಿದ್ದ.

ಈ ನಡುವೆ ಅಣ್ಣ ತಂಗಿಯರ ಹೊಸ ಅಕ್ಕರೆ ಎಷ್ಟು ಉಕ್ಕಿತೆಂದರೆ, ನಡುಗೋಡೆಯನ್ನೇ ತೆಗೆಸಿ ಪಡಸಾಲೆ ಒಂದು ಮಾಡಬೇಕೆಂದು ಇಬ್ಬರೂ ಹಟ ಹಿಡಿದರು. ಮಾವ ಒಪ್ಪಿ, ಅಟ್ಟಣಿಗೆ ಕಟ್ಟಿ ಮೇಲೆ ಹತ್ತಿದವನು ಬೇಗನೆ ಇಳಿದು ಬಂದ. ನಡುತೊಲೆ ಎರಡು ತುಂಡಿನದು, ಅದರ ಬೆಸುಗೆ ಎಂದೋ ಸಡಿಲವಾಗಿ ಗೋಡೆಯ ತಲೆಯ ಮೇಲೆ ಕುಳಿತುಬಿಟ್ಟಿತ್ತು.

"ನಿಮ್ಮ ತಾತಂದಿರು ಎಬ್ಬಿಸಿದ್ದು ಜಗಳಕ್ಕೆ. ಆದ್ರೆ ಅದಿಲ್ದೇ ಹೋಗಿದ್ರೆ ಈ ಸೂರು ನಿಮ್ಮಪ್ಪಂದಿರ ತಲೆ ಮೇಲೇ ಬೀಳ್ತಿತ್ತು" ಎಂದ. "ಗೋಡೆ ಇರಲಿ. ಬೇಕಾದ್ರೆ ಒಂದು ಬಾಗಿಲು ಕೊರೀತೀನಿ."

ಮೊಳೆಯಣ್ಣನಿಗೆ ಸ್ವಲ್ಪ ಬೇಸರವಾಯಿತು. ಆದರೂ ಹೊಸ ಬಾಗಿಲ ಜಾಗ ಎಲ್ಲಿ ಎಂಬುದಕ್ಕೆ ಅಣ್ಣ ತಂಗಿ ಒಂದು ಇಡೀ ಬೆಳಿಗ್ಗೆ ಉತ್ಸಾಹದಿಂದ ವಾದಿಸಿದರು. ಅಡುಗೆಮನೆಯ ಕಿಂಡಿಯನ್ನು ಇದ್ದ ಹಾಗೇ ಬಿಡಬೇಕೆಂಬುದರಲ್ಲಿ ಮಾತ್ರ ಎರಡು ಮಾತಿರಲಿಲ್ಲ.

ಸೂರಿಗೆ ಹೆಂಚು ಪೂರ್ತಿ ಹೊದಿಸುವ ಮೊದಲೇ ಮಳೆ ಬಂತು. ಮಧ್ಯಾಹ್ನ ಊಟಕ್ಕೆ ಕುಳಿತಿದ್ದವರು ತಟ್ಟೆ ಬಿಟ್ಟು ಎದ್ದರು. ಮಣ್ಣಿನ ಗೋಡೆಯ ತಲೆ ನೆನೆದರೆ ಅದು ಕರಗಿ ಕೂರುತ್ತದೆ. ಹೊದಿಸಲು ಸಾಕಷ್ಟು ಟಾರ್ಪಾಲು ಇರಲಿಲ್ಲ. ಸಸಿಯಕ್ಕ ಚಪ್ಪರದ ಪ್ಲಾಸ್ಟಿಕ್ ಹಾಳೆಗಳನ್ನು ಸರಸರನೆ ಕಿತ್ತು ಎಳೆದುಕೊಟ್ಟರು. ಆಳುಗಳು, ಮಾವ, ಅಂಗಡಿಗೆ ಬೀಗ ಜಡಿದು ಓಡಿಬಂದ ಮೊಳೆಯಣ್ಣ ಎಲ್ಲರೂ ಸೇರಿ ಗೋಡೆಗಳ ಮೇಲೆ ಹಾಸಿ ಇಟ್ಟಿಗೆ ಹೇರಿದರು. ಗೋಡೆ ಉಳಿಯಿತು. ಸಸಿಯಕ್ಕ ಹಸುಗೂಸಿನ ಹಾಗೆ ಸಾಕಿದ್ದ ಎಳೇ ಸಸಿಗಳು ಮಳೆಯ ಹೊಡೆತಕ್ಕೆ ನೆಲಕಚ್ಚಿದವು.

ಮಳೆ ನಿಂತ ಮೇಲೆ ಮಾವ ನೋಡಿದಾಗ ಸಸಿಯಕ್ಕ ಮಡಿಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತು, ಬದುಕಬಹುದಾದ ಸಸಿಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸುತ್ತಿದ್ದರು. ಅಳುತ್ತಿರಲಿಲ್ಲ. ಮಾವ ಪಕ್ಕದಲ್ಲಿ ಕುಳಿತು, ಅವರು ಮಾಡಿದ ಹಾಗೇ ಮಾಡತೊಡಗಿದ. ಅವನ ದಪ್ಪ ಬೆರಳುಗಳಿಗೆ ಮೊದಲೆರಡು ಸಸಿ ಮುರಿದವು.

"ಬೇರಿನ ಹತ್ತಿರ ಹಿಡೀರಿ, ಕತ್ತು ಹಿಡೀಬೇಡಿ" ಎಂದರು ಸಸಿಯಕ್ಕ.

ಅವತ್ತು ಅವರು ಕತ್ತಲಾಗುವವರೆಗೆ ಅಲ್ಲೇ ಇದ್ದರಂತೆ. ಮಾತೇನೂ ಆಗಲಿಲ್ಲ ಎಂದು ಮಾವ ಹೇಳುತ್ತಾನೆ. ಆದರೆ ಅದಾದ ಸ್ವಲ್ಪ ದಿನಕ್ಕೆ ಅವನು ನಮ್ಮ ಮನೆಗೆ ಬಂದು, ಅಮ್ಮ ಕೇಳುವ ಮೊದಲೇ ತಾನಾಗಿ ಮದುವೆಯ ಮಾತೆತ್ತಿದ. ಅಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, "ಆಕೆಗೆ ಗೊತ್ತಾ?" ಎಂದರು.

"ಆಕೆಯೇ ಕೇಳಿದ್ದು" ಎಂದ ಮಾವ.

ಆಕೆ ಕೇಳಿದ ರೀತಿಯನ್ನು ಅವನು ಹೇಳಲಿಲ್ಲ. ಸಸಿಯಕ್ಕ ನನಗೆ ಅತ್ತೆಯಾದ ಮೇಲೆ ಅವರೇ ಹೇಳಿದರು. ಮನೆ ಕೆಲಸ ಮುಗಿದ ದಿನ ಮಾವ ಏಣಿ, ಹಗ್ಗ ಲಾರಿಗೆ ಹೇರುತ್ತಿದ್ದಾಗ, "ಅದನ್ನೆಲ್ಲ ಕಣಜದಲ್ಲೇ ಇಡಬಹುದಲ್ಲ, ದಿನಾ ಹೊತ್ತು ತರೋದು ಯಾಕೆ?" ಎಂದರಂತೆ. ಮಾವ ಒಂದಿಷ್ಟು ಹೊತ್ತು ಹಗ್ಗ ಸುತ್ತುತ್ತಲೇ ಇದ್ದನಂತೆ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದನಂತೆ. ಆಮೇಲೆ ಎಲ್ಲವನ್ನೂ ಕಣಜಕ್ಕೆ ಒಯ್ದಿಟ್ಟನಂತೆ.

ಇದೆಲ್ಲ ಆಗಿ ವರ್ಷಗಳಾದವು. ಕೊಟ್ಟಿಗೆಯಲ್ಲಿ ಈಗ ಸಸಿಗಳ ಮಾರಾಟ. ಮೊಳೆಯಣ್ಣ ಗೋದಾಮನ್ನು ಬೇರೆ ಕಡೆ ಮಾಡಿಕೊಂಡು, ತಮ್ಮ ಅರ್ಧವನ್ನು ಗುಡಿಸಿ ಸಾರಿಸಿ, ರಜೆಯ ದಿನಗಳಲ್ಲಿ ಹೆಂಡತಿಯೊಂದಿಗೆ ಬಂದು ಇರುತ್ತಾರೆ. ಕಿಂಡಿಯ ಮೂಲಕ ಎರಡು ಅಡುಗೆಮನೆಯ ನಡುವೆ ತಟ್ಟೆಗಳು ಓಡಾಡುತ್ತವೆ, ಪಕ್ಕದಲ್ಲಿ ಬಾಗಿಲಿದ್ದರೂ.

ಮಾವ ಮನೆ ಬಿಚ್ಚುವುದನ್ನು ಬಿಟ್ಟಿಲ್ಲ. ಆದರೆ ಯಾರಾದರೂ ಕರೆದರೆ ಮೊದಲು ಮನೆಯೊಳಗೆ ಒಂದು ಸುತ್ತು ಹಾಕಿ, ಗೋಡೆಗೆ ಕಿವಿಕೊಟ್ಟು ತಟ್ಟಿ, "ಕೆಡವಲೇಬೇಕಾ?" ಎಂದು ಕೇಳುತ್ತಾನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬೇರೆಯವರನ್ನು ಕರೆಸುತ್ತಾರೆ. ಕೆಲವರು ಯೋಚಿಸುತ್ತಾರೆ. ಹಾಗೆ ಯೋಚಿಸಿದವರಿಂದ ಒಂದು ಹಳೇ ಶಾಲೆಯ ಮಾಡು, ಒಂದು ಬಾವಿಮನೆ, ಯಾರದೋ ಅಜ್ಜಿಯ ಜಗಲಿ ಉಳಿದುಕೊಂಡಿವೆ. ಉಳಿಯಲಾಗದವು ಬಿದ್ದಿವೆ, ಅವುಗಳ ಹೆಂಚು, ತೊಲೆಗಳನ್ನು ಮಾವ ಉಳಿಯಬಹುದಾದವುಗಳಿಗೆ ಒಯ್ದು ಹಾಕುತ್ತಾನೆ.

ಹೋದ ವರ್ಷ ಬೇರೊಬ್ಬರ ಮಾಡಿನಿಂದ ಜಾರಿ ಭುಜದ ಮೂಳೆ ಮುರಿದುಕೊಂಡ. ಈಗ ಮೇಲೆ ಹತ್ತುವಂತಿಲ್ಲ. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸುವ ಸಮಯಕ್ಕೆ ಅಮ್ಮ ಮತ್ತು ನಾನು ಹೋಗಿದ್ದೆವು. ಮಾಡಿನ ಮೇಲೆ ಅತ್ತೆ ಇದ್ದರು, ಸೆರಗು ಸೊಂಟಕ್ಕೆ ಬಿಗಿದು. ಕೆಳಗೆ ಮಾವ ಒಂದು ಕೈಯಲ್ಲಿ ಏಣಿ ಹಿಡಿದು, "ಎಡಕ್ಕೆ, ಇನ್ನೂ ಎಡಕ್ಕೆ, ಅದಲ್ಲ, ಅದರ ಪಕ್ಕದ್ದು" ಎಂದು ಕೂಗುತ್ತಿದ್ದ. ಅತ್ತೆ ಬಲಗಡೆಯ ಹೆಂಚು ಬದಲಿಸುತ್ತಿದ್ದರು.

"ಬಂದ್ರಾ ಅತ್ತಿಗೆ? ಕೂತ್ಕೊಳ್ಳಿ, ಇದೊಂದು ಸಾಲು ಮುಗಿಸಿ ಇಳೀತೀನಿ" ಎಂದರು ಮೇಲಿನಿಂದ.

ಅಮ್ಮ ಕೂರಲಿಲ್ಲ. ಚಪ್ಪಲಿ ಬಿಟ್ಟು, ಕೈಚೀಲವನ್ನು ನನಗೆ ಕೊಟ್ಟು, ಅಂಗಳದ ರಾಶಿಯಿಂದ ಹೆಂಚೊಂದನ್ನು ಎತ್ತಿ ಧೂಳು ಒರೆಸಿದರು. ಮಾವನನ್ನು ಮೊಣಕೈಯಿಂದ ಆಚೆ ಸರಿಸಿ ಏಣಿಯ ಎರಡು ಮೆಟ್ಟಿಲು ಹತ್ತಿ, ಹೆಂಚನ್ನು ಮೇಲಕ್ಕೆ ಅತ್ತೆಗೆ ಚಾಚಿದರು.